ಜಾಹೀರಾತಿನೊಳಗೆ ಅಪ್ಪನ ಹೆಜ್ಜೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಧಣಿ ನನ್ನನ್ನು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡರು. ಕೆಲಸ ಹೋಯಿತೆಂದೇ ಅಂದುಕೊಂಡೆ. ಕಳೆದ ವಾರ ಅವರ ತಿರುಗುವ ಕುರ್ಚಿಯ ಕೆಳಗೆ ಬಾತುಕೋಳಿಯಂತೆ ಕೂಗುವ ಪೀಪಿ ಕಟ್ಟಿದ ದುಷ್ಕರ್ಮಿ ಯಾರೆಂಬುದು ಇನ್ನೂ ತನಿಖೆಯ ಹಂತದಲ್ಲಿದೆ. ಆದರೆ ಧಣಿ ಪೀಪಿಯ ಮಾತೇ ಎತ್ತಲಿಲ್ಲ.

"ನೋಡಪ್ಪ, ಬೀಗದ ಕಂಪನಿಯವರ ಜಾಹೀರಾತು. ನೋಡಿದವರು ಹೆದರಬೇಕು. ಆದ್ರೆ ಹೆದರಿಸ್ತಿದಾರೆ ಅಂತ ಗೊತ್ತಾಗಬಾರದು. ಆಗುತ್ತಾ?"

"ಆಗದೆ ಏನು ಸರ್? ನೀವು ನಮಗೆ ದಿನಾ ಮಾಡೋದು ಅದೇ ತಾನೆ?"

ಧಣಿ ನಗಲಿಲ್ಲ. ಧಣಿ ನಗದಿದ್ದರೆ ವಿಷಯ ದೊಡ್ಡದು ಎಂದು ಅರ್ಥ.

ಘನತೆವೆತ್ತ ಈ ದಿನಚರಿಯ ಏಕಮಾತ್ರ ಓದುಗನಾದ ನನಗೆ ನಾನೇ ನೆನಪಿಸುವುದೇನೆಂದರೆ, ಜಾಹೀರಾತು ಚಿತ್ರಗಳಿಗೆ ಸದ್ದು ಕೂಡಿಸುವುದು ನನ್ನ ಕಸುಬು. ಬಿಸ್ಕತ್ತು ಮುರಿದಾಗ ಕೇಳುವ 'ಕಟಕ್' ನನ್ನದು. ಅದು ಬಿಸ್ಕತ್ತಲ್ಲ, ಒಣಕಡ್ಡಿ. ಈ ಸಲದ ಚಿತ್ರ ಹೀಗಿದೆ: ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಾಳೆ, ಮಗು ನೆಲದ ಮೇಲೆ ಚಿತ್ರ ಬರೆಯುತ್ತಿದೆ, ಫ್ರಿಜ್ ಗುಂಯ್ ಎನ್ನುತ್ತಿದೆ. ಹೆಂಗಸು ಸುಮ್ಮನೆ ಬಾಗಿಲ ಕಡೆ ನೋಡುತ್ತಾಳೆ. ಬೀಗ ಬೀಳುತ್ತದೆ. ಅಷ್ಟೇ. ಆ 'ಸುಮ್ಮನೆ'ಯ ಅಡಿಯಲ್ಲಿ ಧಣಿಗೆ ಒಂದು ಸದ್ದು ಬೇಕಂತೆ. ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದು. ಫ್ರಿಜ್ಜಿನ ಗುಂಯ್‌ಕಾರದ ಕೆಳಗೆ, ಕಿವಿಗೆ ತಿಳಿಯದಷ್ಟು, ಹೊಟ್ಟೆಗೆ ತಿಳಿಯುವಷ್ಟು.

"ಇದು ನ್ಯಾಯವಾ ಸರ್?" ಎಂದು ಧರ್ಮಾಧಿಕಾರಿಯ ಗಾಂಭೀರ್ಯದಿಂದ ಕೇಳಿದೆ. ತಮಾಷೆಗೆ.

"ನಾವೇನು ಸುಳ್ಳು ಹೇಳ್ತಿದೀವಾ? ಬೀಗ ಗಟ್ಟಿಯಾಗೇ ಇದೆ. ಕೇಳಿಸದೇ ಇರೋದು ಸುಳ್ಳಾಗೋದು ಹೇಗೆ?"

ಅವರ ತರ್ಕಕ್ಕೆ ತಲೆಬಾಗಿ ಹೊರಬಂದೆ. ಕುರ್ಚಿ ಹಿಂದಿನಿಂದ ಒಮ್ಮೆ ಕೂಗಿತು.

ಮಾರ್ಚ್ 5, ಬುಧವಾರ

ಸ್ಟುಡಿಯೋದಲ್ಲಿ ಹಿಡಿದಿಟ್ಟಿರುವ ಹೆಜ್ಜೆಸದ್ದುಗಳೆಲ್ಲ ನಾಟಕದವರ ಹೆಜ್ಜೆಗಳು. ಕಳ್ಳನ ಹೆಜ್ಜೆ ಎಂದು ಚೀಟಿ ಅಂಟಿಸಿದ್ದನ್ನು ಕೇಳಿದರೆ ಮದುವೆಗೆ ಹೊರಟವನಂತೆ ನಡೆಯುತ್ತಾನೆ.

ಸಂಜೆ ಮನೆಯಲ್ಲಿ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದಾಗ ಅಪ್ಪ ಬಂದ. ಮೂರನೆಯ ಮಹಡಿಯ ನಮ್ಮ ಮನೆಗೆ ಅಪ್ಪ ಬರುವುದು ಕೆಳಗಿನಿಂದಲೇ ಗೊತ್ತಾಗುತ್ತದೆ. ಹಳೇ ಪೆಟ್ಟಿನಿಂದ ಎಡಗಾಲು ಎಳೆಯುತ್ತಾನೆ, ಕೈಯಲ್ಲಿರುವ ಟಾರ್ಚು ಮೆಟ್ಟಿಲ ಕಂಬಿಗೆ ಬಡಿಯುತ್ತದೆ. ಟಕ್, ಸರ್ರ್, ಟಣ್. ಅಪ್ಪನ ಕೆಲಸ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವುದು. ಟಾರ್ಚು ಅವನ ಮೂರನೆಯ ಕೈ.

ಆ ಸದ್ದು ಕೇಳಿದೊಡನೆ ಅಕ್ಕನ ಮಗಳು ಗುಬ್ಬಿ ಕೈಯಲ್ಲಿದ್ದುದನ್ನೆಲ್ಲ ಬಿಸಾಕಿ "ತಾತಾ!" ಎಂದು ಬಾಗಿಲಿಗೆ ಓಡುತ್ತಾಳೆ. ಭಾವ ಹಡಗಿನ ಕೆಲಸದಲ್ಲಿರುವುದರಿಂದ ಅಕ್ಕ, ಗುಬ್ಬಿ ಇಬ್ಬರೂ ನಮ್ಮಲ್ಲೇ ಇದ್ದಾರೆ. ಹೋದ ತಿಂಗಳು ನಾನು ಈ ಹೆಜ್ಜೆಸದ್ದನ್ನು ಗುಟ್ಟಾಗಿ ಹಿಡಿದಿಟ್ಟು, ಬಾಗಿಲ ಹಿಂದೆ ಸ್ಪೀಕರ್ ಇಟ್ಟು ಗುಬ್ಬಿಯನ್ನು ನಾಲ್ಕಾರು ಸಲ ಸುಳ್ಳೇ ಓಡಿಸಿದ್ದೆ. ಆಮೇಲೆ ಅಕ್ಕ ನನ್ನನ್ನು ಓಡಿಸಿದಳು.

ಇಂದು ಜ್ಞಾನೋದಯವಾಯಿತು. ಲೋಕದಲ್ಲಿ ಇರುವೆಯನ್ನೂ ತುಳಿಯದ ಮನುಷ್ಯನೊಬ್ಬನಿದ್ದರೆ ಅದು ನಮ್ಮಪ್ಪ. ಆ ಮಹಾನುಭಾವನನ್ನೇ ನಾಡಿನ ಕಳ್ಳನನ್ನಾಗಿ ನೇಮಿಸಿದರೆ? ಯಾರಿಗೂ ಕೇಳಿಸುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ನಾನೊಬ್ಬನೇ ಜೀವನಪೂರ್ತಿ ನಗಬಹುದು. ಇತಿಹಾಸ ಇದನ್ನು ಗುರುತಿಸತಕ್ಕದ್ದು.

ಮಾರ್ಚ್ 9, ಭಾನುವಾರ

ಸ್ಟುಡಿಯೋ ಖಾಲಿ ಇಲ್ಲದ್ದರಿಂದ ಈ ವಾರವೆಲ್ಲ ಮನೆಯಲ್ಲೇ ಕೆಲಸ. ಗುಬ್ಬಿ ನನ್ನ ಮೇಜಿನ ಕೆಳಗೆ ಚಿತ್ರ ಬರೆಯುತ್ತಾ ಕೂರುತ್ತಾಳೆ. ಮೇಲೆ ನಾನು, ಅದೇ ತುಣುಕನ್ನು ಮತ್ತೆ, ಮತ್ತೆ, ಮತ್ತೆ.

ಅಪ್ಪನ ಹೆಜ್ಜೆಯನ್ನು ನಿಧಾನ ಮಾಡಿದೆ. ದನಿ ತಗ್ಗಿಸಿದೆ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಚೂರು ಹೆಚ್ಚು ಕಾಯಿಸಿದೆ. ಸರ್ರ್ ಎನ್ನುವುದು ಕೊನೆಗೆ ಉಸಿರಿನ ಹಾಗಾಯಿತು. ಟಣ್ ಎನ್ನುವುದು ಕಬ್ಬಿಣದ ಯಾವುದೋ ಆಯುಧದ ಹಾಗಾಯಿತು. ಅದನ್ನು ಫ್ರಿಜ್ಜಿನ ಕೆಳಗೆ ಹೂತಿಟ್ಟು ಇಡೀ ಚಿತ್ರ ಓಡಿಸಿದೆ.

ಏನೂ ಕೇಳಿಸಲಿಲ್ಲ. ಆದರೆ ಹೆಂಗಸು ಬಾಗಿಲ ಕಡೆ ನೋಡಿದಾಗ ನಾನೂ ನಮ್ಮ ಬಾಗಿಲ ಕಡೆ ನೋಡಿದೆ. ಕಲಾವಿದನಿಗೆ ಸಿಗಬಹುದಾದ ಪರಮ ಪ್ರಶಸ್ತಿ!

ಕೆಳಗಿನಿಂದ ಗುಬ್ಬಿ ಕೇಳಿದಳು: "ಮಾಮ, ಆ ಆಂಟಿಗೆ ಏನಾಯ್ತು?"

"ಏನೂ ಆಗಿಲ್ಲ ಪುಟ್ಟಿ. ಬೀಗ ಹಾಕ್ಕೊಂಡ್ರು."

"ಯಾರು ಬಂದ್ರು?"

"ಯಾರೂ ಬಂದಿಲ್ಲ."

"ಬಂದ್ರು," ಎಂದಳು ಗುಬ್ಬಿ.

ಮಾರ್ಚ್ 15, ಶನಿವಾರ

ಬೀಗದ ಕಂಪನಿಯ ಸಾಹೇಬರು ಚಿತ್ರ ನೋಡಿ, ತಮ್ಮ ಮನೆಗೆ ಫೋನ್ ಮಾಡಿ "ಬಾಗಿಲು ಹಾಕಿದೀಯಾ?" ಎಂದು ಕೇಳಿದರು. ಆಮೇಲೆ ನನ್ನ ಬೆನ್ನು ತಟ್ಟಿದರು. ನನಗೊಂದು ಬೀಗವನ್ನೂ ಅದರ ಜೊತೆಯ ಸರಪಳಿಯನ್ನೂ ಉಡುಗೊರೆ ಕೊಟ್ಟರು. ಆನೆ ಕಟ್ಟಬಹುದು.

ಮನೆಯಲ್ಲಿ ಅಪ್ಪ ಅದನ್ನು ತಿರುಗಿಸಿ ನೋಡಿ, "ನಮ್ಮನೇಲಿ ಕದಿಯೋಕ್ಕೆ ಇರೋದು ಇದೊಂದೇ ಬೀಗ," ಎಂದ. ಕಪಾಟಿಗೆ ಸೇರಿಸಿದೆ. ಒಂದು ಬೋಲ್ಟು ಕೂಡ ಸರಿಯಾಗಿ ಬೀಳದ ನಮ್ಮ ಬಾಗಿಲು ಹೀಗೇ ಇರಲಿ. ಹೆದರುಪುಕ್ಕಲರಿಗೆ ಬೀಗ, ನಮ್ಮಂಥ ಧೀರರಿಗೆ ಗಾಳಿ.

ಮಾರ್ಚ್ 24, ಸೋಮವಾರ

ಜಾಹೀರಾತು ಎಲ್ಲ ಕಡೆ ಶುರುವಾಗಿದೆ. ಧಾರಾವಾಹಿಯ ನಡುವೆ, ಸುದ್ದಿಯ ನಡುವೆ, ಆಟದ ನಡುವೆ. ಮೇಲಿನ ಮನೆಯಲ್ಲೂ ಅದೇ, ಕೆಳಗಿನ ಮನೆಯಲ್ಲೂ ಅದೇ. ಪ್ರತಿಯೊಂದು ಮನೆಯಲ್ಲೂ ಅಪ್ಪ ಮೆಟ್ಟಿಲು ಹತ್ತುತ್ತಿದ್ದಾನೆ.

ಸಂಜೆ ನಿಜವಾದ ಅಪ್ಪ ಹತ್ತಿದ. ಟಕ್, ಸರ್ರ್, ಟಣ್. ನಾನು ಗುಬ್ಬಿ ಓಡುವುದನ್ನು ಕಾಯುತ್ತಿದ್ದೆ. ಓಡಲಿಲ್ಲ. ಬಣ್ಣದ ಪೆನ್ಸಿಲ್ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಸದ್ದು ಮಾಡದೆ ತೆವಳಿಕೊಂಡು ಮೇಜಿನ ಕೆಳಗೆ ಹೋದಳು.

ಅಪ್ಪ ಒಳಗೆ ಬಂದು "ನನ್ನ ಗುಬ್ಬಿ ಎಲ್ಲಿ?" ಎಂದ. ಎಂದಿನ ಆಟವೆಂದುಕೊಂಡು ಪರದೆಯ ಹಿಂದೆ, ಕಪಾಟಿನ ಹಿಂದೆ ಹುಡುಕಿ, ಕೊನೆಗೆ ಬಗ್ಗಿ ಮೇಜಿನ ಕೆಳಗೆ ನೋಡಿದ. ಅವಳು ಕಿರುಚಿದಳು.

ಅಪ್ಪನ ಮುಖ ನಾನು ನೋಡಲಿಲ್ಲ. ನೋಡಲಿಲ್ಲ ಎಂದು ಬರೆಯುತ್ತೇನೆ.

ಮಾರ್ಚ್ 27, ಗುರುವಾರ

"ಏನೋ ಮಗಾ, ಜನಕ್ಕೆ ಏನಾಗಿದೆ?" ಎಂದ ಅಪ್ಪ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ. "ಮುಂಚೆ ಬಾಗಿಲು ತೆಗೆದು, 'ಬನ್ನಿ, ಬಿಸಿಲಲ್ಲಿ ಬಂದ್ರಿ, ನೀರು ಕುಡೀರಿ' ಅಂತಿದ್ರು. ಈಗ ಒಳಗಿಂದ್ಲೇ 'ಯಾರು, ಯಾರು' ಅಂತಾರೆ. ಬಾಗಿಲ ತೂತಲ್ಲಿ ಕಣ್ಣು ಕಾಣುತ್ತೆ, ಬಾಗಿಲು ಮಾತ್ರ ತೆಗೆಯಲ್ಲ."

"ಕಾಲ ಕೆಟ್ಟಿದೆ ಅಪ್ಪ."

"ಕೆಟ್ಟಿರೋದು ಕಾಲ ಅಲ್ಲ ಕಣೋ, ಕಾಲು," ಎಂದು ತಾನೇ ನಕ್ಕ.

ನಾನೂ ನಕ್ಕೆ.

ಮೇಜನ್ನು ಬಾಗಿಲಿಗೆ ಮುಖ ಮಾಡಿ ತಿರುಗಿಸಿದ್ದೇನೆ. ಈ ಕಡೆ ಬೆಳಕು ಚೆನ್ನಾಗಿದೆ.

ಏಪ್ರಿಲ್ 1, ಮಂಗಳವಾರ

ಊಟ ಮಾಡುವಾಗ ಅಕ್ಕ ಕೇಳಿದಳು: "ಏನೋ, ಇವತ್ತು ಯಾರನ್ನೂ ಫೂಲ್ ಮಾಡ್ಲಿಲ್ವಾ? ನಾನು ಬೆಳಿಗ್ಗೆಯಿಂದ ಸಕ್ಕರೆ ಡಬ್ಬೀನ ನೆಕ್ಕಿ ನೋಡ್ಕೊಂಡು ಬಳಸ್ತಿದೀನಿ."

ತಾರೀಕು ಮರೆತೇ ಹೋಗಿತ್ತು.

ಏಪ್ರಿಲ್ 4, ಶುಕ್ರವಾರ

ಇದನ್ನೂ ಬರೆಯುತ್ತೇನೆ.

ಮಧ್ಯಾಹ್ನ ಅಪ್ಪನ ಫೋನಿನಿಂದ ಬೇರೆ ಯಾರೋ ಮಾತಾಡಿದರು. "ಇವರು ನಿಮ್ಮವರಾ? ಬಂದು ಕರ್ಕೊಂಡು ಹೋಗಿ." ವಿಳಾಸ ಹುಡುಕಿಕೊಂಡು ಓಡಿದೆ. ಆರು ಮಹಡಿಯ ವಸತಿ ಕಟ್ಟಡ. ಅಪ್ಪ ವರ್ಷಗಳಿಂದ ಅಲ್ಲಿ ಮೀಟರ್ ಓದುತ್ತಾನೆ. ಕಾವಲುಗಾರನ ಸ್ಟೂಲಿನ ಮೇಲೆ ಕೂರಿಸಿದ್ದರು. ಅವನ ಚೀಲದ ಪಟ್ಟಿಯಿಂದಲೇ ಅವನ ಕೈ ಕಟ್ಟಿದ್ದರು. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಯಾರೂ ಓದಿರಲಿಲ್ಲ.

ಎರಡನೆಯ ಮಹಡಿಯ ಹೆಂಗಸೊಬ್ಬರು ಕಿರುಚಿಕೊಂಡರಂತೆ. ಪಕ್ಕದ ಮನೆಯ ಹುಡುಗರು ಹೊರಗೆ ಬಂದು ಹಿಡಿದುಕೊಂಡರಂತೆ. ಎಳೆದಾಟದಲ್ಲಿ ಅಪ್ಪ ಮೆಟ್ಟಿಲ ಮೇಲೆ ಬಿದ್ದಿದ್ದಾನೆ. ಎಡಗಾಲೇ.

ನಾನು ಮಹಡಿ ಹತ್ತಿ ಆ ಹೆಂಗಸಿನ ಬಾಗಿಲ ಮುಂದೆ ನಿಂತು ಕೇಳಿದೆ: "ನಮ್ಮಪ್ಪನ್ನ ನೋಡಿ ಹೆದರೋಂಥದ್ದು ಏನಿತ್ತಮ್ಮ?"

ಅವರು ಅಳುತ್ತಿದ್ದರು. "ನೋಡಿ ಅಲ್ಲಪ್ಪ. ನೋಡೋಕ್ಕೆ ಮುಂಚೆನೇ. ಮೆಟ್ಟಿಲ ಮೇಲೆ ಸದ್ದು ಕೇಳ್ತು. ಹೊಟ್ಟೆ ಒಳಗೆ ಏನೋ ತಣ್ಣಗಾಯ್ತು. ಯಾಕೆ ಅಂತ ನಂಗೇ ಗೊತ್ತಿಲ್ಲ. ನಾನು ಹಾಗೆಲ್ಲ ಹೆದರೋಳಲ್ಲ. ತಪ್ಪಾಯ್ತು, ನಿಮ್ಮ ತಂದೆಯವರಿಗೆ ಹೇಳಿ."

ಅವರ ಹಿಂದೆ ಟಿವಿ ಓಡುತ್ತಿತ್ತು. ಅವರಿಗೆ ಯಾಕೆಂದು ಗೊತ್ತಿಲ್ಲ. ಆ ಕಟ್ಟಡದಲ್ಲಿ, ಆ ಬೀದಿಯಲ್ಲಿ, ಯಾಕೆಂದು ಗೊತ್ತಿದ್ದವನು ನಾನೊಬ್ಬನೇ. ನಾನೊಬ್ಬನೇ ನಗಬಹುದು ಎಂದು ಬರೆದಿದ್ದೆನಲ್ಲ.

ಆಟೋದಲ್ಲಿ ಅಪ್ಪ ಹೇಳಿದ: "ಇಷ್ಟು ವರ್ಷ ಮೀಟರ್ ಓದ್ದೆ. ಇವತ್ತು ಅವರು ನನ್ನನ್ನ ಓದಿದ್ರು. ರೀಡಿಂಗ್ ತಪ್ಪು ಬಂತು."

ಏಪ್ರಿಲ್ 5, ಶನಿವಾರ

ಧಣಿಗೆ ಎಲ್ಲ ಹೇಳಿದೆ. ಹೆಜ್ಜೆ ಯಾರದ್ದೆಂಬುದನ್ನೂ.

ಅವರ ಕಣ್ಣು ಅರಳಿತು. "ಹಾಗಾದ್ರೆ ಕೆಲಸ ಮಾಡ್ತಿದೆ!" ಮರುಕ್ಷಣ ನನ್ನ ಮುಖ ನೋಡಿ ದನಿ ಇಳಿಸಿದರು. "ಪೆಟ್ಟು ಜಾಸ್ತಿ ಆಗಿಲ್ಲ ತಾನೆ?"

"ಸರ್, ಅದನ್ನ ತೆಗೆದುಬಿಡೋಣ."

"ನೋಡಪ್ಪ, ಗೆಲ್ಲೋ ಕುದುರೆ ಬದಲಾಯಿಸ್ತಾರಾ? ಮುಂದಿನ ವಾರ ಎಲ್ಲ ಚಾನೆಲ್ಲಿಗೂ ಹೊಸ ಪ್ರತಿ ಹೋಗಬೇಕು. ಕಿಟಕಿ ಸರಳಿನ ಜಾಹೀರಾತು ಬೇರೆ ಬರ್ತಿದೆ, ಅದಕ್ಕೂ ಇದೇ ಹೆಜ್ಜೆ ಬೇಕಂತೆ. ಅದ್ರಲ್ಲೇನು ನಿಮ್ಮಪ್ಪನ ಹೆಸರು ಬರೆದಿದೆಯಾ? ಕೇಳಿಸೋದೇ ಇಲ್ಲ ಅಂದ್ಮೇಲೆ ಕೇಸ್ ಹಾಕೋರು ಯಾರು?"

ಕುರ್ಚಿ ಕೂಗಿತು. ಇಬ್ಬರೂ ಬೆಚ್ಚಿದೆವು. ಪೀಪಿ ಬಿಚ್ಚಿಕೊಂಡು ಬಂದೆ.

ಏಪ್ರಿಲ್ 7, ಸೋಮವಾರ

ಅಕ್ಕನಿಗೆ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. "ಲೋ, ಟಿವಿಯವನು 'ಕಳ್ಳ ಬಂದ, ಬೀಗ ತಗೋ' ಅಂತ ಬಾಯಿ ಬಿಟ್ಟು ಹೇಳಿದ್ರೆ 'ಹೋಗೋ, ನಿನ್ನ ಬೀಗ ಬೇಡ' ಅಂತೀನಿ. ಕೇಳಿಸಿದ್ದನ್ನ ಬೇಡ ಅನ್ನಬಹುದು. ಕೇಳಿಸದೇ ಇರೋದನ್ನ ಹೇಗೋ ಬೇಡ ಅನ್ನೋದು?"

ಮಡಚಿಟ್ಟಿದ್ದ ಬಟ್ಟೆಯೊಂದನ್ನು ತೆಗೆದು ನಾನು ಮತ್ತೆ ಮಡಚತೊಡಗಿದೆ.

"ಆ ಮಗು ಹಾಸಿಗೇಲಿ ನನ್ನ ಕೇಳುತ್ತೆ, ತಾತ ಒಳ್ಳೇರಾ ಅಂತ. ನಿನ್ನ ತಮಾಷೆಗೆ ಬೆಂಕಿ ಬೀಳ."

ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದಾಯಿತು. ಇಬ್ಬರೂ ಮಾತು ನಿಲ್ಲಿಸಿದೆವು. ಹಾಲಿನವನು.

ಏಪ್ರಿಲ್ 8, ಮಂಗಳವಾರ

ಚಾನೆಲ್ಲುಗಳಿಗೆ ಹೊಸ ಪ್ರತಿ ಕಳಿಸುವ ಮುಂಚೆ ಹೆಜ್ಜೆಯ ಪದರವನ್ನು ಅಳಿಸಿಹಾಕಿದೆ. ಈಗ ಫ್ರಿಜ್ಜಿನ ಕೆಳಗೆ ಫ್ರಿಜ್ಜು ಮಾತ್ರ. ಧಣಿ ಕೇಳಿ, ತಲೆದೂಗಿ, ಒಪ್ಪಿಗೆ ಕೊಟ್ಟರು. ಕೇಳಿಸದ್ದನ್ನು ಕೇಳಿಸದಂತೆ ಕದ್ದ ಮೊದಲ ಕಳ್ಳ ನಾನೇ ಇರಬೇಕು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹೋಗಲಿ.

ಬಹಳ ದಿನಗಳ ಮೇಲೆ ನಾನೊಂದು ತಮಾಷೆ ಮಾಡಿದ್ದೇನೆ. ನಗು ಬರಲಿಲ್ಲ, ಅಷ್ಟೇ.

ಏಪ್ರಿಲ್ 14, ಸೋಮವಾರ

ಬೀಗದ ಸಾಹೇಬರು ಫೋನ್ ಮಾಡಿ ಹೊಗಳಿದರಂತೆ. ಹೊಸ ಪ್ರತಿಯಲ್ಲಿ ಆ ಹೆಜ್ಜೆ ಮುಂಚಿಗಿಂತಲೂ ಚೆನ್ನಾಗಿ ಬಂದಿದೆಯಂತೆ. ಬೀಗ ಮೊದಲಿಗಿಂತ ಜಾಸ್ತಿ ಹೋಗುತ್ತಿದೆಯಂತೆ. ಧಣಿ ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ಅಲ್ಲಿ ಹೆಜ್ಜೆಯೇ ಇಲ್ಲ. ಅವರವರ ಹೆಜ್ಜೆ ಅವರವರೇ ಹಾಕಿಕೊಂಡು ಕೇಳುತ್ತಿದ್ದಾರೆ. ಒಮ್ಮೆ ಒಳಗೆ ಹೋದದ್ದನ್ನು ಅಳಿಸುವ ಗುಂಡಿ ನನ್ನ ಯಂತ್ರದಲ್ಲಿಲ್ಲ.

ಕಪಾಟಿನಲ್ಲಿದ್ದ ಬೀಗ, ಸರಪಳಿ ಎರಡನ್ನೂ ಬಾಗಿಲಿಗೆ ಕೂಡಿಸಿದೆ. ಅಕ್ಕನ ಸಮಾಧಾನಕ್ಕೆ. ಅಕ್ಕ "ನಾನೆಲ್ಲಿ ಕೇಳ್ದೆ?" ಎಂದಳು. ಬಾಯಿ ಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇರುತ್ತದೆ.

ಏಪ್ರಿಲ್ 16, ಬುಧವಾರ

ಅಪ್ಪನಿಗೆ ಅಕ್ಕ ಹೇಳಿಬಿಟ್ಟಿದ್ದಾಳೆ. ಪೆಟ್ಟು ಬಿದ್ದ ಕಾಲು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದವನು ನನ್ನನ್ನು ಕರೆದು, "ಎಲ್ಲಿ, ಕೇಳಿಸು ನೋಡೋಣ," ಎಂದ.

"ಬೇಡ ಅಪ್ಪ."

"ಕೇಳಿಸೋ. ನನ್ನದೇ ಕಾಲು, ನನಗೇ ಹಕ್ಕಿಲ್ವಾ?"

ಫ್ರಿಜ್ಜನ್ನು ತೆಗೆದು, ಹೆಜ್ಜೆಯನ್ನಷ್ಟೇ ಎತ್ತರಿಸಿ ಹಾಕಿದೆ. ಅಪ್ಪ ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದ. ನಾನು ಸ್ಪೀಕರಿನ ಕಡೆ ನೋಡಲಾರದೆ ಬಾಗಿಲ ಕಡೆ ನೋಡುತ್ತಿದ್ದೆ.

"ಇದು ನಾನಾ?" ಎಂದ. ಚಾಚಿದ ಕಾಲನ್ನು ಸವರಿಕೊಂಡು, "ಪಾಪ, ಆ ಹೆಂಗಸಿನದೇನೂ ತಪ್ಪಿಲ್ಲ ಕಣೋ. ನಾನಾಗಿದ್ರೂ ಬಾಗಿಲು ಹಾಕ್ಕೊಳ್ತಿದ್ದೆ."

ಬೈಯಲಿಲ್ಲ. ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಗುಬ್ಬಿಯನ್ನು ಕರೆದ. ಅವಳು ಮೇಜಿನ ಕೆಳಗಿನಿಂದ ಬರಲಿಲ್ಲ. ಅಪ್ಪ ಕುಳಿತಲ್ಲಿಂದಲೇ ಹೇಳಿದ: "ಗುಬ್ಬೀ, ತಾತನ ಹಾಗೆ ನಡೆಯೋಕ್ಕೆ ಬರುತ್ತಾ ನಿಂಗೆ? ಯಾರಿಗೂ ಬರಲ್ಲ. ಬಹಳ ಕಷ್ಟದ ವಿದ್ಯೆ. ಕಲಿಯೋಕ್ಕೆ ಒಂದು ಚಮಚ ಬೇಕು." ತುಂಬಾ ಹೊತ್ತಿನ ಮೇಲೆ ಕೆಳಗಿನಿಂದ ಒಂದು ಕೈ ಹೊರಬಂತು, ಚಮಚಕ್ಕಾಗಿ.

ಏಪ್ರಿಲ್ 18, ಶುಕ್ರವಾರ

ಮನೆ ತುಂಬಾ ಟಕ್, ಸರ್ರ್, ಟಣ್. ಮುಂದೆ ತಾತ ಗೋಡೆ ಹಿಡಿದುಕೊಂಡು, ಹಿಂದೆ ಮೊಮ್ಮಗಳು ಎಡಗಾಲು ಎಳೆಯುತ್ತಾ, ಕುರ್ಚಿಗೆ, ಕಪಾಟಿಗೆ, ನನ್ನ ಮೇಜಿಗೆ ಚಮಚ ಬಡಿಯುತ್ತಾ. "ಇನ್ನೂ ಎಳೀಬೇಕು ಗುಬ್ಬಿ, ಅದು ಸರ್ರ್ ಅನ್ಬೇಕು, ಸುರ್ ಅಂದ್ರೆ ಪಾಯಸ ಕುಡಿದ ಹಾಗಾಗುತ್ತೆ." ಅವಳು ನಕ್ಕು ನಕ್ಕು ಬೀಳುತ್ತಾಳೆ. ಅಕ್ಕನೂ ನಗುತ್ತಾಳೆ.

ನನಗೆ ಕೆಲಸವಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡೆ.

ಏಪ್ರಿಲ್ 20, ಭಾನುವಾರ

ಸಂಜೆ. ಅಕ್ಕ ಅಂಗಡಿಗೆ ಹೋಗಿದ್ದಾಳೆ. ಅಪ್ಪ ಇಂದು ಮೊದಲ ಸಲ ಟಾರ್ಚು ಹಿಡಿದು ಮೆಟ್ಟಿಲಿಳಿದು ಗುಬ್ಬಿಯನ್ನು ಆಡಿಸಲು ಕೆಳಗೆ ಕರೆದುಕೊಂಡು ಹೋಗಿದ್ದಾನೆ. ನಾಳೆಯಿಂದ ಕೆಲಸಕ್ಕೆ ಹೋಗುತ್ತಾನಂತೆ. ಹೋದ ಮನೆಯಲ್ಲೆಲ್ಲ ಕೆಳಗಿನಿಂದಲೇ "ಮೀಟರ್!" ಎಂದು ಹಾಡುತ್ತಾ ಹತ್ತುತ್ತಾನಂತೆ. ನಾನು ಒಬ್ಬನೇ ಇದ್ದೇನೆ. ಬಾಗಿಲು ಹಾಕಿದೆ. ಬೀಗ ಬಿತ್ತು, ಸರಪಳಿಯೂ ಬಿತ್ತು. ಎರಡು ಸಲ ನೋಡಿದೆ. ಮನೆಮಂದಿಗೆಲ್ಲ ಈಗ ವಾಸಿಯಾಗಿದೆ, ದೇವರು ದೊಡ್ಡವನು. ನಾಳೆ ಧಣಿಯ ಹತ್ತಿರ ಹೋಗಿ ಕಿಟಕಿ ಸರಳಿನ ಕೆಲಸ ನನ್ನಿಂದಾಗದು ಎಂದು ಹೇಳುತ್ತೇನೆ. ಹೇಳಬಲ್ಲೆ. ನನಗೇನು ಹೆದರಿಕೆ?

ಕೆಳಗೆ ಸದ್ದು.

ಟಕ್. ಸರ್ರ್. ಟಣ್.

ಮೊದಲನೆಯ ಮಹಡಿ. ಅಪ್ಪನೇ. ನನಗೆ ಗೊತ್ತಿದೆ. ಅದರ ಹಿಂದೆಯೇ ಚಿಕ್ಕದೊಂದು ಟಕ್, ಸರ್ರ್, ಟಣ್. ಅದು ಚಮಚದ್ದು. ಅದೂ ಗೊತ್ತಿದೆ.

ಎರಡನೆಯ ಮಹಡಿ. ನಡುವೆ ಚೂರು ಹೆಚ್ಚು ಕಾಯಿಸುತ್ತಿದ್ದಾರೆ. ಹಾಗೆ ಕಾಯಿಸಿದ್ದು ನಾನು, ಅಪ್ಪನಲ್ಲ. ಅಪ್ಪ ಹಾಗೆ ನಡೆಯುತ್ತಿರಲಿಲ್ಲ. ಕಾಲು ನೋಯುತ್ತಿರಬೇಕು. ಅದಕ್ಕೇ ಇರಬೇಕು.

ಬಾಗಿಲ ಆಚೆ ನಿಂತಿದೆ.

"ಮಾಮಾ, ಕಳ್ಳರು ಬಂದಿದೀವಿ! ಬಾಗಿಲು ತೆಗಿ!" ಗುಬ್ಬಿಯ ನಗು. ಅಪ್ಪನ ನಗು.

ತಳ್ಳಿದರು. ಸರಪಳಿ ಅಲ್ಲಾಡಿತು. ಒಳ್ಳೆಯ ಸರಪಳಿ.

"ಮಗಾ, ಒಳಗಿದೀಯೇನೋ?"

ಇದ್ದೇನೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಗು ನಿಂತಿದೆ. ಆಚೆ ಪಿಸುಮಾತು. "ತಾತ, ಮಾಮ ಮೇಜಿನ ಕೆಳಗೆ ಕೂತಿರಬಹುದು. ಹೆದರಿಕೆ ಆದ್ರೆ ಅಲ್ಲಿ ಕೂರಬಹುದು. ನಾನು ಕೂರ್ತಿದ್ದೆ."

"ಹೌದಾ? ಆಗ ಏನು ಮಾಡಬೇಕು ಗುಬ್ಬಿ?"

"ಚಮಚ ಕೊಡಬೇಕು."

ಬಾಗಿಲ ಕೆಳಗಿನ ಸಂದಿಯಿಂದ ಏನೋ ಹೊಳೆಯುವುದು ಒಳಗೆ ಬರುತ್ತಿದೆ.

ಮಗುವಿನ ಮಾತು. ನಾನೇನೂ ಹೆದರಿ ಕುಳಿತಿಲ್ಲ. ಬೆಳಕು ಇಲ್ಲೇ ಚೆನ್ನಾಗಿದೆ, ನೆಲ ತಂಪಾಗಿದೆ, ತಲೆ ಒಂದಿಷ್ಟು ಬಗ್ಗಿಸಿಕೊಂಡರೆ ಮೇಜಿನ ಹಲಗೆ ತಾಗುವುದಿಲ್ಲ. ಈ ಸಾಲು ಮುಗಿಯಲಿ, ಹೋಗಿ ತೆಗೆಯುತ್ತೇನೆ.